ಎದ್ದ ಕ್ರೋಮಿಗೆ ಬಣ್ಣ ಬಳಿಯುವ ಮುನ್ನ

ಮಳೆಗಾಲ ಮುಗಿಯುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. ಕುಂದಾಪುರದಿಂದಲೋ ಹೊನ್ನಾವರದಿಂದಲೋ ಬರೆಯುವವರ ಬಳಿ ಅಪ್ಪನ ಕಾಲದ ಅಂಬಾಸಡರ್ ಇರುತ್ತದೆ. ಮೈಸೂರು ಕಡೆಯವರದು ಜಾವಾ ಅಥವಾ ಎಜ್ಡಿ. ಬೆಂಗಳೂರಿನವರದು ಏಳೆಂಟು ವರ್ಷ ಓಡಿದ ಕಾರಿನ ಗ್ರಿಲ್. ‘ಕ್ರೋಮ್ ಎದ್ದು ಬಂದಿದೆ, ಮತ್ತೆ ಪ್ಲೇಟಿಂಗ್ ಮಾಡಿಸೋದು ದುಬಾರಿ. ಬಣ್ಣ ಹೊಡೆಸಿಬಿಡೋಣ ಅಂತಿದ್ದೀನಿ. ಯಾವ ಪ್ರೈಮರ್ ಹಾಕಿಸಲಿ?’ ಪ್ರೈಮರಿನ ಹೆಸರು ಹೇಳುವುದು ಕಷ್ಟವೇನಲ್ಲ: ಹಾರ್ಡನರ್ ಬೆರೆಸಿ ಹೊಡೆಯುವ ಎಪಾಕ್ಸಿ ಪ್ರೈಮರ್. ಆದರೆ ಇಷ್ಟನ್ನೇ ಓದಿಕೊಂಡು ಪೇಂಟ್ ಅಂಗಡಿಗೆ ಓಡಿದರೆ ಮುಂದಿನ ಮಳೆಗಾಲಕ್ಕೆ ಅದೇ ಬಂಪರ್ ಮತ್ತೆ ಸುಲಿದುಕೊಂಡು ನಿಂತಿರುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾವು ಕ್ರೋಮ್ ಎನ್ನುವ ಲೇಪದಲ್ಲಿ ಕ್ರೋಮಿಯಂ ಇರುವುದು ಹೆಸರಿಗಷ್ಟೇ. ವಾಹನಗಳ ಅಲಂಕಾರದ ಭಾಗಗಳಲ್ಲಿ ಮೇಲಿನ ಕ್ರೋಮಿಯಂ ಪದರ ಸಾಮಾನ್ಯವಾಗಿ ಕಾಲು ಮೈಕ್ರಾನಿನಿಂದ ಅರ್ಧ ಮೈಕ್ರಾನ್ ದಪ್ಪ. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ಕಣ್ಣಿಗೆ ಕಾಣುವ ನುಣುಪು, ತುಕ್ಕಿಗೆ ಅಡ್ಡ ನಿಲ್ಲುವ ಶಕ್ತಿ ಎಲ್ಲ ಬಹುಪಾಲು ಅದರಡಿಯ ನಿಕಲ್ಲಿನದು. ಅದು ಹತ್ತರಿಂದ ಮೂವತ್ತು ಮೈಕ್ರಾನ್ ಇರುತ್ತದೆ. ಒಳ್ಳೆಯ ಕೆಲಸವಾದರೆ ನಿಕಲ್ಲಿನ ಕೆಳಗೆ ತಾಮ್ರವೂ ಉಂಟು. ನಿಕಲ್ ಬರಬರುತ್ತಾ ಹಳದಿಗೆ ತಿರುಗಿ ಮಂಕಾಗುತ್ತದೆ, ಸುಲಭವಾಗಿ ಗೀರು ಬೀಳುತ್ತದೆ. ಅದನ್ನು ತಪ್ಪಿಸಲೆಂದು 1920ರ ದಶಕದಲ್ಲಿ ಅದರ ಮೇಲೊಂದು ಕ್ರೋಮಿಯಂ ಪದರ ಕೂರಿಸುವುದು ರೂಢಿಗೆ ಬಂತು. ಅಲ್ಲಿಯವರೆಗೆ ರೇಡಿಯೇಟರಿನ ನಿಕಲ್ ಚೌಕಟ್ಟನ್ನು ಡ್ರೈವರುಗಳು ಆಗಾಗ ತಿಕ್ಕಿ ಬೆಳಗಬೇಕಿತ್ತು.

ಈ ಕ್ರೋಮಿಯಂ ಗಾಳಿ ತಾಗಿದೊಡನೆ ತನ್ನ ಮೈಮೇಲೆ ತಾನೇ ಆಕ್ಸೈಡಿನ ತೆಳು ಪೊರೆ ಹೊದ್ದುಕೊಳ್ಳುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಂತೆ ಕಾಯುವುದೂ ಇಂಥದೇ ಪೊರೆ. ನೀರು, ಉಪ್ಪು, ಹಕ್ಕಿಯ ಹಿಕ್ಕೆ ಯಾವುದನ್ನೂ ಅದು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಬಣ್ಣವನ್ನೂ ಅಷ್ಟೆ. ಬಣ್ಣ ಹಿಡಿದುಕೊಳ್ಳಲು ಮೈಯಲ್ಲಿ ಗೀರು ಬೇಕು, ತರಿ ಬೇಕು, ರಾಸಾಯನಿಕವಾಗಿ ಬೆರೆಯಲು ಒಂದಿಷ್ಟಾದರೂ ಎಡೆ ಬೇಕು. ಹೊಳೆಯುವ ಕ್ರೋಮಿನಲ್ಲಿ ಈ ಮೂರೂ ಇಲ್ಲ.

ಕ್ರೋಮಿನ ಮೇಲಿನ ಬಣ್ಣ ಎರಡು ಜಾಗದಲ್ಲಿ ಕೈಕೊಡಬಹುದು. ಬಣ್ಣಕ್ಕೂ ಕ್ರೋಮಿಗೂ ನಡುವೆ ಬಿಡುವುದು ಒಂದು. ಇದಕ್ಕೆ ಎಮರಿ ಪೇಪರ್, ಎಪಾಕ್ಸಿ ಎಂದು ಮದ್ದು ಉಂಟು, ಅದನ್ನು ಎಲ್ಲರೂ ಹೇಳುತ್ತಾರೆ. ಇನ್ನೊಂದು, ಕ್ರೋಮ್ ಲೇಪವೇ ತನ್ನಡಿಯ ಕಬ್ಬಿಣದಿಂದಲೋ ಪ್ಲಾಸ್ಟಿಕ್ಕಿನಿಂದಲೋ ಬಿಟ್ಟುಕೊಳ್ಳುವುದು. ಹೀಗಾದಾಗ ಪ್ರೈಮರ್ ಕ್ರೋಮನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಬಣ್ಣ ಪ್ರೈಮರನ್ನು ಹಿಡಿದಿರುತ್ತದೆ, ಮೂರೂ ಒಟ್ಟಿಗೆ ಹಾಳೆಯಾಗಿ ಎದ್ದು ಬರುತ್ತವೆ. ಮಾಲೀಕ ಪೇಂಟರನ್ನು ಬೈಯುತ್ತಾನೆ, ಪೇಂಟರ್ ಪ್ರೈಮರ್ ಕಂಪನಿಯನ್ನು ಬೈಯುತ್ತಾನೆ. ಕೆಲಸ ಕೆಟ್ಟದ್ದು ಇಬ್ಬರೂ ನೋಡದ ಜಾಗದಲ್ಲಿ. ನನಗೆ ಬಂದ ದೂರುಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವೇ.

ಲೇಪ ಅಡಿಯಿಂದ ಬಿಡುವುದೇಕೆ ಎಂಬುದಕ್ಕೆ ಸ್ವಾರಸ್ಯವಾದ ಕಾರಣ ಇದೆ. ಕಬ್ಬಿಣದ ತಗಡಿಗೆ ಸತುವಿನ ಲೇಪ ಕೊಟ್ಟರೆ, ಅಂದರೆ ಜಿಐ ಶೀಟಿನಲ್ಲಿ, ಎಲ್ಲಾದರೂ ಗೀರು ಬಿದ್ದಾಗ ಮೊದಲು ಸತುವು ಸವೆಯುತ್ತದೆ, ಕಬ್ಬಿಣ ಉಳಿಯುತ್ತದೆ. ನಿಕಲ್ಲಿನ ಸ್ವಭಾವ ಇದಕ್ಕೆ ತಿರುಗುಮುರುಗು. ನಿಕಲ್ ಲೇಪದಲ್ಲಿ ಸೂಜಿಮೊನೆಯಷ್ಟು ತೂತಾಗಿ ಕೆಳಗಿನ ಕಬ್ಬಿಣಕ್ಕೆ ಉಪ್ಪುನೀರು ತಾಗಿದರೆ, ಸುತ್ತಲಿನ ನಿಕಲ್ ತಾನು ಸವೆಯದೆ ಆ ಪುಟ್ಟ ಜಾಗದ ಕಬ್ಬಿಣವನ್ನೇ ಬೇಗಬೇಗ ಸವೆಸುತ್ತದೆ. ದೊಡ್ಡ ಮೈಯ ನಿಕಲ್, ಚುಕ್ಕೆಯಷ್ಟು ಕಬ್ಬಿಣ, ಪೆಟ್ಟೆಲ್ಲ ಚುಕ್ಕೆಗೆ. ಹುಟ್ಟಿದ ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಅದು ಮೇಲಿನ ಲೇಪವನ್ನು ಎತ್ತುತ್ತದೆ. ಎತ್ತಿದ ಅಂಚಿನಡಿ ಇನ್ನಷ್ಟು ನೀರು ಸೇರುತ್ತದೆ. ಹೊರಗೆ ಕಾಣುವುದು ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ, ಒಳಗೆ ತುಕ್ಕು ಅದರ ಸುತ್ತ ಇನ್ನೂ ದೂರ ಹಬ್ಬಿರುತ್ತದೆ. ಕರಾವಳಿಯ ಗಾಡಿಗಳಲ್ಲಿ ಇದು ಬಯಲುಸೀಮೆಗಿಂತ ಬೇಗ ಬರುವುದು ಉಪ್ಪಿನ ಗಾಳಿಯಿಂದ.

ಮೈಸೂರಿನ ಒಂದು ಟಿಂಕರಿಂಗ್ ಶೆಡ್ಡಿನಲ್ಲಿ ಹಿರಿಯ ಪೇಂಟರೊಬ್ಬರು ಅಂಬಾಸಡರ್ ಬಂಪರನ್ನು ಪರೀಕ್ಷೆ ಮಾಡುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಅವರ ಕೈಯಲ್ಲಿ ಇದ್ದದ್ದು ಪುಟ್ಟಿ ಕೆರೆಯುವ ಹಳೆಯ ಬ್ಲೇಡು. ಎದ್ದ ಅಂಚಿನಡಿ ಅದನ್ನು ಓರೆಯಾಗಿ ಇಟ್ಟು ಮೆಲ್ಲಗೆ ತಳ್ಳಿದರು. ಕ್ರೋಮ್ ಚಿಟಿಲ್ಲೆಂದು ಚೂರಾಗಿ ಹಾರಿತು. ಆ ಚೂರನ್ನು ಎತ್ತಿ ಬೆನ್ನು ತಿರುಗಿಸಿ ತೋರಿಸಿದರು. ಮುಂದೆ ಕನ್ನಡಿ, ಹಿಂದೆ ಕೆಂಪು ತುಕ್ಕಿನ ಪುಡಿ. ‘ಇದು ಹಿಡ್ಕೊಂಡಿರಲಿಲ್ಲ ಸಾರ್, ಸುಮ್ನೆ ಕೂತಿತ್ತು’ ಎಂದರು. ಮತ್ತೆ ತಳ್ಳಿದರು, ಮತ್ತೆ ಹಾರಿತು. ಬ್ಲೇಡು ಜಾರತೊಡಗಿ, ಅಂಚು ಎದ್ದೇಳದೆ ಬರೀ ಗೀರು ಬೀಳುವ ಹಂತ ಬರುವವರೆಗೂ ನಿಲ್ಲಿಸಲಿಲ್ಲ. ಅಷ್ಟು ಹೊತ್ತಿಗೆ ಅಂಗೈಯಗಲ ಇದ್ದ ಹಾನಿ ಬಂಪರಿನ ಮೂಲೆಯನ್ನೆಲ್ಲ ಆವರಿಸಿತ್ತು. ಮಾಲೀಕರ ಮುಖ ಸಪ್ಪಗಾಯಿತು. ಪೇಂಟರು ಮಾತ್ರ, ಈಗಲೇ ಎದ್ದು ಬಂದದ್ದು ಒಳ್ಳೆಯದೇ ಆಯಿತು ಎಂಬಂತೆ ಬೀಡಿ ಹಚ್ಚಿದರು.

ಬ್ಲೇಡ್ ಹಿಡಿಯುವ ಮೊದಲು ಇನ್ನೊಂದು ಕೆಲಸ ಇದೆ, ಆ ಭಾಗ ಯಾವುದರದೆಂದು ತಿಳಿಯುವುದು. ಒಂದು ಆಯಸ್ಕಾಂತ ಸಾಕು. ಗಟ್ಟಿಯಾಗಿ ಅಂಟಿದರೆ ಉಕ್ಕು. ಅಂಟದಿದ್ದರೆ ಬೆರಳಲ್ಲಿ ಬಡಿದು ನೋಡಿ. ಪ್ಲಾಸ್ಟಿಕ್ಕಿನ ಸದ್ದು ಬೇರೆಯೇ. ಪ್ಲಾಸ್ಟಿಕ್ಕಿಗೂ ಆಯಸ್ಕಾಂತ ತುಸು ತಡವರಿಸಬಹುದು, ಏಕೆಂದರೆ ನಿಕಲ್ಲಿಗೂ ಕಾಂತದ ಸೆಳೆತ ಉಂಟು. ಹಳೆಯ ಕಾರುಗಳ ಬಾಗಿಲ ಹಿಡಿ, ಲಾಂಛನ ಮುಂತಾದವು ಎಷ್ಟೋ ಸಲ ಸತುವಿನ ಮಿಶ್ರಲೋಹದ ಎರಕ. ಅಲ್ಲಿ ಕೆಂಪು ತುಕ್ಕು ಇರುವುದಿಲ್ಲ, ಗುಳ್ಳೆ ಎದ್ದು ಒಳಗೆ ಬಿಳಿ ಪುಡಿ ಇರುತ್ತದೆ. ಕಿಟಕಿಯಂಚಿನ ಪಟ್ಟಿ ಕೆಲವು ಕಾರುಗಳಲ್ಲಿ ಸ್ಟೇನ್‌ಲೆಸ್ ಸ್ಟೀಲು. ಅದಕ್ಕೆ ಲೇಪವೇ ಇಲ್ಲ, ಬಫ್ ಹೊಡೆಸಿದರೆ ಹೊಸದರಂತಾಗುತ್ತದೆ. ಬಣ್ಣ ಬಳಿದು ಅದನ್ನು ಹಾಳು ಮಾಡಬೇಡಿ.

ಇಂದಿನ ಕಾರುಗಳ ಗ್ರಿಲ್ ಮತ್ತು ಗಾರ್ನಿಶ್‌ಗಳಲ್ಲಿ ಹೆಚ್ಚಿನವು ಎಬಿಎಸ್ ಪ್ಲಾಸ್ಟಿಕ್ಕಿನ ಮೇಲೆ ಲೋಹ ಕೂರಿಸಿದವು. ಇಲ್ಲಿ ತುಕ್ಕಿನ ಕಾಟವಿಲ್ಲ, ಬಿಸಿಲಿನ ಕಾಟ ಇದೆ. ಪ್ಲಾಸ್ಟಿಕ್ ಬಿಸಿಗೆ ಹಿಗ್ಗುವಷ್ಟು ಲೋಹ ಹಿಗ್ಗುವುದಿಲ್ಲ. ವರ್ಷಗಟ್ಟಲೆ ಹಿಗ್ಗಿ ಕುಗ್ಗಿ, ನಡುವೆ ಕಲ್ಲೇಟು ಬಿದ್ದು, ಒಂದು ದಿನ ಅಂಚಿನಲ್ಲಿ ಸಿಪ್ಪೆ ಏಳುತ್ತದೆ. ಆ ಸಿಪ್ಪೆಯ ಅಂಚು ಬ್ಲೇಡಿನಷ್ಟೇ ಹರಿತ, ಬರಿಗೈಯಲ್ಲಿ ಎಳೆಯಲು ಹೋದರೆ ಬೆರಳು ಕುಯ್ಯುತ್ತದೆ. ಕೈಗವಸು ಹಾಕಿ ಸಡಿಲವಾದದ್ದನ್ನೆಲ್ಲ ತೆಗೆಯಿರಿ. ಅರ್ಧಕ್ಕರ್ಧ ಎದ್ದು ಬಂದರೆ ಆ ಭಾಗದ ಮೇಲೆ ಶ್ರಮ ಹಾಕುವುದಕ್ಕಿಂತ ಹೊಸದನ್ನು ತರಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ; ಗ್ರಿಲ್ಲಿನ ಸಂದುಗೊಂದಿಗಳಲ್ಲೆಲ್ಲ ಎಮರಿ ಪೇಪರ್ ತೂರಿಸಿ ತಿಕ್ಕುವವರ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಸರಿ, ತಿಕ್ಕುವ ಮೊದಲು ತೊಳೆಯಬೇಕು. ಈ ಕ್ರಮ ತಪ್ಪಿದರೆ ಮುಂದಿನದೆಲ್ಲ ತಪ್ಪು. ವರ್ಷಗಟ್ಟಲೆ ಹಚ್ಚಿದ ವ್ಯಾಕ್ಸ್, ಟೈರಿಗೆ ಹೊಡೆದ ಸಿಲಿಕೋನ್ ಪಾಲಿಶಿನ ಹನಿ, ರಸ್ತೆಯ ಟಾರು ಎಲ್ಲ ಮೇಲಿರುವಾಗಲೇ ಎಮರಿ ಪೇಪರ್ ಹಿಡಿದರೆ ಆ ಜಿಡ್ಡು ಗೀರುಗಳ ಒಳಕ್ಕೆ ಇಳಿದುಬಿಡುತ್ತದೆ. ಆಮೇಲೆ ಹೊಡೆದ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಮೀನಿನ ಕಣ್ಣಿನ ಹಾಗೆ ಕುಳಿ ಬೀಳುತ್ತದೆ. ಪೇಂಟರುಗಳು ಅದನ್ನು ‘ಫಿಶ್ ಐ’ ಎಂದೇ ಕರೆಯುವುದು. ಸೋಪುನೀರಿನಲ್ಲಿ ತೊಳೆದು ಒಣಗಿಸಿ, ವ್ಯಾಕ್ಸ್ ತೆಗೆಯುವ ದ್ರಾವಣದಲ್ಲಿ ಎರಡು ಬಟ್ಟೆ ಹಿಡಿದು ಒರೆಸಿ. ಒಂದರಲ್ಲಿ ಹಚ್ಚುವುದು, ಅದು ಆರುವ ಮೊದಲೇ ಇನ್ನೊಂದರಲ್ಲಿ ತೆಗೆಯುವುದು. ತಾನೇ ಆರಲು ಬಿಟ್ಟರೆ ಕರಗಿದ ಜಿಡ್ಡು ಮತ್ತೆ ಅಲ್ಲೇ ಕೂರುತ್ತದೆ. ಎಬಿಎಸ್ ಪ್ಲಾಸ್ಟಿಕ್ಕಿಗೆ ತಿನ್ನರ್ ಮುಟ್ಟಿಸಬೇಡಿ, ಅದು ಮೆತ್ತಗಾಗಿ ಬಿರುಕು ಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಶುದ್ಧವಾಯಿತೇ ಎಂದು ತಿಳಿಯಲು ಒಂದು ಚೊಂಬು ನೀರು ಸುರಿದು ನೋಡಿ. ನೀರು ಒಂದೇ ಹಾಳೆಯಾಗಿ ಹರಡಿ ಇಳಿದರೆ ಜಿಡ್ಡಿಲ್ಲ, ಮಣಿಮಣಿಯಾಗಿ ಒಡೆದರೆ ಇನ್ನೂ ಇದೆ.

ಆಮೇಲೆ ತಿಕ್ಕುವುದು. ಲೇಪ ಕಿತ್ತು ಹೋದ ಜಾಗಕ್ಕೂ ಉಳಿದ ಕ್ರೋಮಿಗೂ ನಡುವೆ ಒಂದು ಮೆಟ್ಟಿಲು ಇರುತ್ತದೆ. ಬೆರಳಿಗೆ ಅದು ತಾಗುವಷ್ಟು ಕಾಲ ಬಣ್ಣದ ಮೇಲೂ ಅದು ಕಾಣುತ್ತದೆ. ಉಕ್ಕಾದರೆ 80ನೇ ನಂಬರಿನಿಂದ ಶುರುಮಾಡಿ ಆ ಅಂಚನ್ನು ಇಳಿಜಾರು ಮಾಡಿ, 120, 180 ಎಂದು ಮೇಲೇರಿ. ಪ್ಲಾಸ್ಟಿಕ್ಕಿಗೆ 80 ಬೇಡ, 180ರಿಂದಲೇ ಹೊರಡಿ. ಅಂಚು ತಿಕ್ಕುವಾಗ ಹೊಸದಾಗಿ ಸಿಪ್ಪೆ ಏಳುತ್ತಾ ಹೋದರೆ ಖುಷಿಪಡಿ, ಬ್ಲೇಡಿಗೆ ಸಿಗದ್ದು ಪೇಪರಿಗೆ ಸಿಕ್ಕಿದೆ ಎಂದು ಅರ್ಥ. ಗಟ್ಟಿಯಾಗಿ ಉಳಿದ ಕ್ರೋಮನ್ನು ಪೂರ್ತಿ ಕಿತ್ತು ಹಾಕಬೇಕಾಗಿಲ್ಲ. ಹಿಡಿದುಕೊಂಡಿರುವ ಕ್ರೋಮಿಗಿಂತ ಒಳ್ಳೆಯ ತಳಪಾಯ ಸಿಗುವುದಿಲ್ಲ. ಅದರ ಹೊಳಪು ಮಾತ್ರ ಹೋಗಬೇಕು. 180ರಿಂದ 240ರ ಪೇಪರಿನಲ್ಲಿ ಅಡ್ಡ, ಉದ್ದ, ಓರೆ ಎಂದು ತಿಕ್ಕಿ. ಬೆಳಕಿಗೆ ಹಿಡಿದರೆ ಎಲ್ಲಿಯೂ ನಿಮ್ಮ ಮುಖ ಕಾಣಬಾರದು. ಬೋಲ್ಟಿನ ತೂತಿನ ಸುತ್ತ, ಮಡಿಕೆಯ ಒಳಗೆ ಹೊಳಪು ಉಳಿಯುವುದು ಹೆಚ್ಚು, ಅಲ್ಲಿಗೆ ಸ್ಕಾಚ್‌ಬ್ರೈಟ್ ತೂರಿಸಿ. ಬಣ್ಣ ಏಳಲು ಶುರುವಾಗುವುದೂ ಅಂಥ ಮೂಲೆಯಿಂದಲೇ.

ಒದ್ದೆ ಮಾಡಿಕೊಂಡೇ ತಿಕ್ಕಿ, ಮೂಗಿಗೆ ಒಳ್ಳೆಯ ಮಾಸ್ಕ್ ಹಾಕಿ. ಕ್ರೋಮ್ ಎಂದರೆ ಕ್ಯಾನ್ಸರ್ ಎಂದು ಹೆದರಿ ಬರೆದವರಿದ್ದಾರೆ. ಆ ಕುಖ್ಯಾತಿ ಹೆಕ್ಸಾವೇಲೆಂಟ್ ಕ್ರೋಮಿಯಮ್ಮಿನದು, ಅದು ಇರುವುದು ಪ್ಲೇಟಿಂಗ್ ತೊಟ್ಟಿಯಲ್ಲಿ. ಬಂಪರಿನ ಮೇಲೆ ಕೂತಿರುವುದು ಲೋಹದ ರೂಪದ ಕ್ರೋಮಿಯಂ. ಹಾಗಂತ ನಿರ್ಲಕ್ಷ್ಯ ಬೇಡ. ನಿಕಲ್ಲಿನ ಧೂಳು ಉಸಿರಿಗೆ ಒಳ್ಳೆಯದಲ್ಲ, ಅನೇಕರ ಚರ್ಮಕ್ಕೂ ಆಗಿಬರುವುದಿಲ್ಲ. ಕ್ರೋಮ್ ಇರುವ ಭಾಗಕ್ಕೆ ಗ್ಯಾಸ್ ಕಟ್ಟರ್, ವೆಲ್ಡಿಂಗ್ ಹಿಡಿಯುವುದಂತೂ ಬೇರೆಯೇ ಅಪಾಯ. ಆ ಬಿಸಿಯ ಹೊಗೆಯಲ್ಲಿ ವಿಷದ ರೂಪ ಹುಟ್ಟಬಲ್ಲದು.

ಇಷ್ಟೆಲ್ಲ ತಿಕ್ಕುವ ಬದಲು ಶೌಚಾಲಯ ತೊಳೆಯುವ ಆ್ಯಸಿಡ್‌ನಲ್ಲಿ ಅದ್ದಿದರೆ ಕ್ರೋಮ್ ಕರಗುತ್ತದಂತಲ್ಲ ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ. ಕರಗುತ್ತದೆ, ನಿಜ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಕ್ರೋಮಿಯಂ ಕರಗಿ ದ್ರಾವಣ ಹಸಿರಾಗುತ್ತದೆ, ಕೆಳಗೆ ನಿಕಲ್ ಉಳಿಯುತ್ತದೆ. ಆದರೆ ಆ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಅಕ್ಕಪಕ್ಕದಲ್ಲಿಟ್ಟ ಸ್ಪ್ಯಾನರುಗಳಿಗೂ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಸುತ್ತದೆ. ತೂತುಗಳ ಮೂಲಕ ಆಮ್ಲ ಕಬ್ಬಿಣಕ್ಕೂ ಇಳಿಯುತ್ತದೆ, ಸತುವಿನ ಎರಕವಾದರೆ ಅದನ್ನೇ ತಿಂದುಬಿಡುತ್ತದೆ. ಉಳಿದ ಹಸಿರು ನೀರನ್ನು ಎಲ್ಲಿ ಚೆಲ್ಲುತ್ತೀರಿ? ಚರಂಡಿಗೆ ಬಿಟ್ಟರೆ ಲೋಹ ಕೆರೆಗೆ ಸೇರುತ್ತದೆ. ಈ ಕೆಲಸ ತ್ಯಾಜ್ಯನೀರು ಶುದ್ಧ ಮಾಡುವ ವ್ಯವಸ್ಥೆ ಇರುವ ಪ್ಲೇಟಿಂಗ್ ಘಟಕದ್ದು, ಮನೆಯ ಹಿತ್ತಲಿನದಲ್ಲ. ನಾನು ಯಾರಿಗೂ ಇದನ್ನು ಹೇಳಿಕೊಡುವುದಿಲ್ಲ.

ಉಕ್ಕು ಬರಿದಾದ ಜಾಗದಲ್ಲಿ ತುಕ್ಕನ್ನು ಬಿಳಿ ಲೋಹ ಕಾಣುವವರೆಗೆ ತೆಗೆಯಬೇಕು. ಕುಳಿಯ ತಳದಲ್ಲಿ ಕಪ್ಪು ಚುಕ್ಕೆ ಉಳಿದರೆ ಫಾಸ್ಫಾರಿಕ್ ಆಮ್ಲದ ರಸ್ಟ್ ರಿಮೂವರ್ ಹಚ್ಚಿ, ಡಬ್ಬಿಯಲ್ಲಿ ಹೇಳಿದಂತೆ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ. ಆಮ್ಲ ಉಳಿದರೆ ಮೇಲಿನ ಎಪಾಕ್ಸಿ ಸರಿಯಾಗಿ ಗಟ್ಟಿಯಾಗುವುದಿಲ್ಲ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬಾರದು. ಜಿಡ್ಡು ತೆಗೆಯುವುದು ಇನ್ನೊಂದು ಸಲ, ಅದೇ ದಿನ ಪ್ರೈಮರ್. ಇವತ್ತು ತಿಕ್ಕಿಟ್ಟು ಮುಂದಿನ ಭಾನುವಾರ ಹೊಡೆಯುತ್ತೇನೆ ಎಂದರೆ ಆಗದು. ಉಕ್ಕಿಗೆ ಕಣ್ಣಿಗೆ ಕಾಣದ ತುಕ್ಕು ಬಂದಿರುತ್ತದೆ.

ಈಗ ಪ್ರೈಮರಿನ ಮಾತು. ಅಂಗಡಿಯವರು ಹೆಚ್ಚಾಗಿ ಕೊಡುವುದು ಎಚ್ ಪ್ರೈಮರ್. ಅದರಲ್ಲಿರುವ ಆಮ್ಲ ಲೋಹವನ್ನು ತುಸು ಕಚ್ಚಿ ಹಿಡಿಯುತ್ತದೆ. ಬರಿ ಉಕ್ಕಿಗೆ, ಅಲ್ಯುಮಿನಿಯಮ್ಮಿಗೆ ಅದು ಸರಿಯೇ. ಕ್ರೋಮಿಯಮ್ಮಿನ ಪೊರೆಯನ್ನು ಕಚ್ಚುವಷ್ಟು ಬಲ ಆ ಆಮ್ಲಕ್ಕಿಲ್ಲ, ಪ್ಲಾಸ್ಟಿಕ್ಕಿನಲ್ಲಿ ಕಚ್ಚಲು ಲೋಹವೇ ಇಲ್ಲ. ಒಂದೇ ಬಂಪರಿನಲ್ಲಿ ಒಂದು ಕಡೆ ಉಕ್ಕು, ಪಕ್ಕದಲ್ಲಿ ನಿಕಲ್, ಅದರಾಚೆ ಗೀರಿದ ಕ್ರೋಮ್ ಇರುವಾಗ ಮೂರನ್ನೂ ಒಂದೇ ಹದದಲ್ಲಿ ಹಿಡಿಯುವುದು ಎಪಾಕ್ಸಿ. ನೀರನ್ನೂ ಅದು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಹಾರ್ಡನರ್ ಎಷ್ಟು, ಬೆರೆಸಿ ಎಷ್ಟು ಹೊತ್ತು ಬಿಡಬೇಕು, ಎಷ್ಟು ಗಂಟೆಯೊಳಗೆ ಮುಂದಿನ ಕೋಟು ಬೀಳಬೇಕು ಎಂಬುದೆಲ್ಲ ಕಂಪನಿಯಿಂದ ಕಂಪನಿಗೆ ಬೇರೆ. ಡಬ್ಬಿಯ ಮೇಲೆ ಬರೆದದ್ದನ್ನು ಓದಿ, ಅಂದಾಜಿನಲ್ಲಿ ಹಾರ್ಡನರ್ ಸುರಿಯುವ ಅಭ್ಯಾಸ ಬಿಡಿಸಿ. ಎರಡು ತೆಳು ಕೋಟು ಸಾಕು. ಕುಳಿ ತುಂಬುವ ಪುಟ್ಟಿ ಬೇಕಾದರೆ ಎಪಾಕ್ಸಿಯ ಮೇಲೆ ಹಾಕಬೇಕು, ಕ್ರೋಮಿನ ಮೇಲೆ ನೇರವಾಗಿ ಅಲ್ಲ. ಅದರ ಮೇಲೆ ಸರ್ಫೇಸರ್, 400ರಿಂದ 600ರ ವಾಟರ್ ಪೇಪರ್, ಬಣ್ಣ, ಕ್ಲಿಯರ್. ಇವೆಲ್ಲ ನಿಮ್ಮ ಪೇಂಟರಿಗೆ ಗೊತ್ತಿರುವ ದಾರಿಯೇ. ಹಾರ್ಡನರ್ ಬೆರೆಸುವ ಸರ್ಫೇಸರ್, ಕ್ಲಿಯರ್‌ಗಳಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಇರುತ್ತದೆ, ಅದು ಅಸ್ತಮಾ ತರಬಲ್ಲದು. ಕರ್ಚೀಫು ಕಟ್ಟಿಕೊಂಡು ಸ್ಪ್ರೇ ಮಾಡುವ ಹುಡುಗರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸೈಲೆನ್ಸರಿನ ಬಗ್ಗೆ ಬರೆದವರಿಗೆ ಒಂದೇ ಮಾತು: ನೂರಾರು ಡಿಗ್ರಿ ಬಿಸಿಯಾಗುವ ಜಾಗಕ್ಕೆ ಎಪಾಕ್ಸಿಯೂ ಬೇಡ, ಮೇಲೆ ಹೇಳಿದ ಯಾವುದೂ ಬೇಡ; ಅದಕ್ಕೆಂದೇ ಇರುವ ಬಿಸಿ ತಡೆಯುವ ಬಣ್ಣ ತನ್ನಿ. ಕ್ರೋಮ್ ಬುಲ್ ಬಾರಿಗೆ ಬಣ್ಣ ಹೊಡೆಸಲು ಹೊರಟವರು ಅದನ್ನು ಕಳಚಿಡುವುದು ಒಳ್ಳೆಯದು. ಅಂಥ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಹೇಳಿದೆ. ಇನ್ನು ಸ್ಪ್ರೇ ಡಬ್ಬಿಯಲ್ಲಿ ಸಿಗುವ ‘ಕ್ರೋಮ್ ಪೇಂಟ್’. ಅದರಲ್ಲಿ ಮಿನುಗುವುದು ಅಲ್ಯುಮಿನಿಯಂ ಪುಡಿ. ಹೊಡೆದ ಗಳಿಗೆಯಲ್ಲಿ ಚೆನ್ನಾಗಿ ಕಾಣುತ್ತದೆ, ಮೇಲೆ ಕ್ಲಿಯರ್ ಬಿದ್ದೊಡನೆ ಸಾಮಾನ್ಯವಾಗಿ ಬೂದು ಸಿಲ್ವರಾಗಿ ಇಳಿಯುತ್ತದೆ. ಕ್ರೋಮಿನ ನಕಲು ಮಾಡುವುದಕ್ಕಿಂತ ಮಂದ ಕಪ್ಪು ಹೊಡೆಸುವುದು ಮರ್ಯಾದೆಯ ಆಯ್ಕೆ ಎಂದು ನಾನು ನಂಬಿದ್ದೇನೆ.

ಜಾವಾದವರ ಮಾತು ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಹಳೆಯ ಟ್ಯಾಂಕುಗಳು ಇನ್ನು ಹುಟ್ಟುವುದಿಲ್ಲ. ಮರೂನ್ ಬಣ್ಣದ ನಡುವೆ ಎರಡೂ ಪಕ್ಕ ಹೊಳೆಯುವ ಕ್ರೋಮ್ ಇದ್ದರೇ ಅದು ಜಾವಾ ಟ್ಯಾಂಕು. ಅಲ್ಲಿ ದುಡ್ಡು ಕೂಡಿಸಿಕೊಂಡು ಪ್ಲೇಟಿಂಗ್‌ಗೇ ಕೊಡಿ. ಅಲ್ಲಿಯವರೆಗೆ ತುಕ್ಕಿನ ಚುಕ್ಕೆಗಳಿಗೆ ವ್ಯಾಕ್ಸ್ ಹಚ್ಚಿ ಒಣ ಜಾಗದಲ್ಲಿಡಿ. ಬಣ್ಣ ಬಳಿದ ಟ್ಯಾಂಕನ್ನು ಆಮೇಲೆ ಪ್ಲೇಟಿಂಗ್‌ಗೆ ಕೊಡಬಹುದು, ಆದರೆ ಎಪಾಕ್ಸಿಯನ್ನು ತೆಗೆಯುವ ಖರ್ಚು ಮೊದಲು ಬೀಳುತ್ತದೆ.

ಉಳಿದವರು ಬಂಪರ್ ಮರಳಿ ಕೂರಿಸುವ ಮುನ್ನ ಅದನ್ನೊಮ್ಮೆ ಮಗುಚಿ ನೋಡಿ. ಪ್ಲೇಟಿಂಗ್ ತೊಟ್ಟಿಯಲ್ಲಿ ವಿದ್ಯುತ್ತು ಎದುರಿಗಿರುವ ಮುಖಕ್ಕೇ ಹೆಚ್ಚು ಹರಿಯುವುದರಿಂದ ಹಿಂಬದಿಗೆ ಲೇಪ ಯಾವತ್ತೂ ತೆಳುವಾಗಿಯೇ ಕೂತಿರುತ್ತದೆ. ಕೆಸರು ಮೆತ್ತಿ ಒದ್ದೆಯಾಗಿ ಉಳಿಯುವುದೂ ಅದೇ ಕಡೆ. ಪೇಂಟರ್ ಅತ್ತ ಗನ್ ತಿರುಗಿಸುವುದು ಅಪರೂಪ, ಕೇಳಿ ಹೊಡೆಸಬೇಕು. ತುಕ್ಕು ಕೆರೆದು ಅಲ್ಲಿಗೂ ಎಪಾಕ್ಸಿ, ಬೋಲ್ಟಿನ ತೂತುಗಳ ಅಂಚಿಗೆ ಬ್ರಶ್ಶಿನಲ್ಲಿ ಇನ್ನೊಂದು ಕೋಟು, ಬೋಲ್ಟಿನಡಿ ರಬ್ಬರ್ ವಾಶರ್. ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲು ಸ್ಪ್ಯಾನರ್ ಬಿಗಿದರೆ ವಾಶರಿನಡಿಯ ಬಣ್ಣ ಮುದುಡಿ ಅಲ್ಲೊಂದು ಉಂಗುರದಾಕಾರದ ಬಿರುಕು ಬೀಳುತ್ತದೆ, ಆದ್ದರಿಂದ ಡಬ್ಬಿಯಲ್ಲಿ ಹೇಳಿದಷ್ಟು ದಿನ ಬಂಪರನ್ನು ಶೆಡ್ಡಿನಲ್ಲೇ ಬಿಟ್ಟುಬನ್ನಿ.